ಬಿಸಿಲಿದ್ದರೂ ನಿಂತ ಫ್ಯಾನು

ಸೇಡಂನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಕಡೆ ಬಿಸಿಲಿಗೇನೂ ಕಮ್ಮಿಯಿಲ್ಲ, ಕರೆಂಟಿನ ಭರವಸೆ ಮಾತ್ರ ಇಲ್ಲ. ಅದಕ್ಕೇ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದೆ. ಅದು ಹೇಗೆ ನಡೆಯುತ್ತದೆಂದು ತಿಳಿದುಕೊಂಡದ್ದಕ್ಕಿಂತ ಅದರ ಬಗ್ಗೆ ಮಾತಾಡಿದ್ದೇ ಹೆಚ್ಚು. ಚಿತ್ತಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕುಂತ ಅಪರಿಚಿತರಿಗೂ, "ಇನ್ನ ನಮಗ ಕರೆಂಟ್ ಹೋದ್ರೂ ಅಷ್ಟೇ, ಬಂದ್ರೂ ಅಷ್ಟೇ" ಅಂದಿದ್ದೆ.

ಒಂದು ಐತವಾರ ಶಹಾಬಾದಿನಿಂದ ಮಾವ ಬಂದರು. ಮಧ್ಯಾಹ್ನ ಊಟಕ್ಕೆ ಕುಂತಾಗ ಕರೆಂಟ್ ಹೋಯಿತು. ನಾನು ಕಾಯುತ್ತಿದ್ದದ್ದೇ ಅದಕ್ಕೆ.

"ಈಗ ನೋಡ್ರಿ ಮಾವ" ಎಂದು ಫ್ಯಾನಿನ ಕಡೆ ಬೆರಳು ಮಾಡಿದೆ.

ಫ್ಯಾನು ನಿಧಾನಕ್ಕೆ ತಿರುಗಿ ನಿಂತುಬಿಟ್ಟಿತು. ಪಕ್ಕದ ಮನೆಯಲ್ಲಿ ಹಳೇ ಬ್ಯಾಟರಿಯ ಮೇಲೆ ಟಿವಿ ನಡೆದೇ ಇತ್ತು. ಮಾವ ಮೋರೆ ಒರೆಸಿಕೊಂಡು, "ಬಿಸಿಲು ಸಾಲವಲ್ದೇನ್ರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಹೆಂಡತಿ ಬೀಸಣಿಗೆ ತಂದು ಅವರ ಕೈಗೆ ಕೊಟ್ಟಳು.

ಸೋಲಾರಿನವರು ಮೋಸ ಮಾಡಿದರೆಂದು ಗೊಣಗುತ್ತ ಹೊರಗೆ ಬಂದೆ. ಓಣಿಯ ಕಂಬ ಹತ್ತಿ ರಿಪೇರಿ ಮಾಡುತ್ತಿದ್ದ ಲೈನ್‌ಮನ್ ಕೆಳಗಿಳಿದು ನನ್ನ ದೂರು ಪೂರ್ತಿ ಕೇಳಿಸಿಕೊಂಡರು.

"ನಿಮ್ದ್ರಾಗ ಬ್ಯಾಟರಿ ಇಲ್ರಿ ಸರ್. ಲೈನಿಗೆ ಜೋಡಿಸ್ಯಾರ. ಲೈನ್ ಬಂದ್ ಆದ್ರ ಅದೂ ತಾನೇ ಬಂದ್ ಆಗ್ತದ."

"ಇಷ್ಟು ಬಿಸಿಲದ, ಯಾಕ ಬಂದ್ ಆಗಬೇಕು?"

"ನಾ ಕಂಬದ ಮ್ಯಾಲ ಇರ್ತೀನಲ್ರಿ. ನಿಮ್ಮ ಮನಿ ಕರೆಂಟ್ ತಿರುಗಿ ಲೈನಿಗೆ ಬಂದ್ರ?"

ಅವರ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಹಿಂದೆ ಸುಲೇಪೇಟದ ಕಡೆ ಕೆಲಸದಲ್ಲಿದ್ದಾಗ ಯಾರದೋ ಜನರೇಟರಿನ ಕರೆಂಟ್ ಹಾಗೆ ಲೈನಿಗೆ ಹರಿದು ಬಂದಿತ್ತಂತೆ. ಸಿಟ್ಟಿಲ್ಲದೆ ಹೇಳಿದರು. ನನಗೆ ಕಾಲಡಿಯ ನೆಲ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ಒಳಗೆ ಬಂದು ಸೋಲಾರಿನ ಕಾಗದ ತೆಗೆದೆ. ಇದೇ ಮಾತು ಅಚ್ಚ ಕನ್ನಡದಲ್ಲಿತ್ತು, ಅದರ ಕೆಳಗೆ ನನ್ನ ಸಹಿ. ಮಾವ ಏನಾಗಿದೆ ಎಂದು ಕೇಳಿದರು. 'ಟೆಕ್ನಿಕಲ್' ಎಂದು ಹೇಳಿ ಜಾರಿಕೊಳ್ಳುವ ಆಸೆಯಾಯಿತು. ಆದರೂ ಇದ್ದದ್ದು ಇದ್ದಂತೆ ಹೇಳಿದೆ. "ಹಂಗಾದ್ರ ನಿಂತದ್ದೇ ಚಲೋ ಆತು ಬಿಡ್ರಿ" ಎಂದು ಅವರು ತಾವೇ ನನಗೂ ಗಾಳಿ ಹಾಕಿದರು.

ಮುಂದಿನ ವಾರ ವಿದ್ಯುತ್ತಿನ ಪಾಠಕ್ಕೆ ಆ ಲೈನ್‌ಮನ್‌ರನ್ನೇ ಶಾಲೆಗೆ ಕರೆದೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ತಂತಿ ಬರೆದವನು ನಾನು. ಆ ತಂತಿಯ ಕಂಬಕ್ಕೆ ಒಬ್ಬ ಮನುಷ್ಯನನ್ನು ಒಮ್ಮೆಯೂ ಹತ್ತಿಸಿರಲಿಲ್ಲ. ನನಗೆ ಯಾವತ್ತೂ ಪ್ರಶ್ನೆ ಕೇಳದ ಮಕ್ಕಳು ಅವರನ್ನು ಬಿಡಲೇ ಇಲ್ಲ.

"ಅಂಜಿಕಿ ಬರಲ್ಲೇನ್ರಿ?" ಎಂದಳು ಒಬ್ಬ ಹುಡುಗಿ.

"ಬರ್ತದವ್ವ. ಅದಕ್ಕೇ ಲೈನ್ ಬಂದ್ ಆಗ್ಯದ ಅಂತ ಯಾರು ಹೇಳಿದ್ರೂ, ನಾ ಮೊದ್ಲು ಟೆಸ್ಟರ್ ಹಿಡ್ದು ನೋಡ್ತೀನಿ."

ನಾನು ಹಿಂದಿನ ಬೆಂಚಿನಲ್ಲಿ ಕುಂತು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.