ಬೆಲ್ಗಾಸೆಮ್ ಮುಚ್ಚಿದ ತೂತು

ಬೆಲ್ಗಾಸೆಮನಿಗೆ ಜೀವಮಾನದಲ್ಲಿ ಎರಡೇ ಭಯ. ಒಂದು ಹಿಮ ಬಿದ್ದ ದಾರಿಯದ್ದು, ಇನ್ನೊಂದು ಮುಚ್ಚಿದ ಕೋಣೆಯದ್ದು. ಹಿಮ ಬಿದ್ದ ದಿನ ಅವನು ಗಾಡಿ ತೆಗೆಯುತ್ತಿರಲಿಲ್ಲ. ಗೋಡೆಯಲ್ಲಿ ತೂತಿಲ್ಲದ ಕೋಣೆಯಲ್ಲಿ ಗ್ಯಾಸ್ ಹೀಟರ್ ಉರಿಯುತ್ತಿದ್ದರೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಕೂರುತ್ತಿರಲಿಲ್ಲ. ಮೂವತ್ತು ವರ್ಷ ಹೀಗೆ ಎರಡನ್ನೂ ದೂರ ಇಟ್ಟುಕೊಂಡು ಬಂದವನಿಗೆ, ಎರಡೂ ಒಟ್ಟಿಗೆ ಬಂದು ಎದೆ ಮೇಲೆ ಕೂತದ್ದು ಮಗಳ ಬಾಣಂತನದ ಆರನೇ ದಿನ.

ಬತ್ನಾ ಪೇಟೆಯಲ್ಲಿ ಅವನು ಗಾರೆ ಕೆಲಸದವನು. ಗಿಲಾವು, ಟೈಲ್ಸು, ಹಳೇ ಮನೆ ಕಿತ್ತು ಹೊಸದು ಮಾಡುವುದು. ಅವನು ಎಳೆದ ಗೋಡೆಗೆ ರಸಮಟ್ಟ ಹಿಡಿದು ನೋಡಬೇಕಾದ್ದೇ ಇಲ್ಲ, ಅಷ್ಟು ಚೊಕ್ಕ ಕೈ. ಆದರೆ ಜನ ಅವನನ್ನು ಕರೆಯುತ್ತಿದ್ದದ್ದು ಮಾತ್ರ ತೂತಿನ ಬೆಲ್ಗಾಸೆಮ್ ಅಂತ.

ಅದಕ್ಕೆ ಕಾರಣ ಇತ್ತು. ಮದುವೆಯಾದ ಹೊಸದರಲ್ಲಿ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅಡುಗೆಮನೆ ಕೆಲಸ ಮುಗಿಸಿ, ಗಾರೆ ಮೆತ್ತುವ ಕರಣೆ ಅಲ್ಲೇ ಮರೆತು ಬಂದಿದ್ದ. ಬೆಳಿಗ್ಗೆ ತರಲು ಹೋದ. ಎಷ್ಟು ಬಡಿದರೂ ಬಾಗಿಲು ತೆಗೆಯಲಿಲ್ಲ. ಅಕ್ಕಪಕ್ಕದವರು ಸೇರಿ ಚಿಲಕ ಮುರಿದು ನೋಡಿದರೆ ಹೀಟರ್ ಇನ್ನೂ ಉರಿಯುತ್ತಿತ್ತು. ಗಂಡ, ಹೆಂಡತಿ, ಮಗು ಮೂವರೂ ಒಂದೇ ಕಂಬಳಿಯಡಿ, ಕೆನ್ನೆ ಕೆಂಪಗೆ, ನಿದ್ದೆ ಮಾಡಿದವರ ಹಾಗೆ. ಒಳಗೆ ಹೀಟರಿನ ವಿಷಗಾಳಿ ಕಟ್ಟದಿರಲಿ ಅಂತ ಅವನೇ ಬಿಟ್ಟಿದ್ದ ಗಾಳಿತೂತಿನಲ್ಲಿ ಮಗುವಿನ ಉಣ್ಣೆ ಕಾಲ್ಚೀಲ ತುರುಕಿತ್ತು. ಚಳಿ ತಡೆಯಲಾರದೆ ತಾಯಿ ತುರುಕಿದ್ದು. ಅವನ ತಪ್ಪೇನೂ ಇರಲಿಲ್ಲ. ಆದರೂ ಆಮೇಲೆ ಯಾರ ಮನೆಗೆ ಕೆಲಸಕ್ಕೆ ಹೋದರೂ ಮೊದಲು ಉಳಿ-ಸುತ್ತಿಗೆ ತೆಗೆದು ನೆಲದಿಂದ ಒಂದು ಗೇಣು ಮೇಲೆ ಮುಷ್ಟಿಯಗಲ ತೂತು ಕೊರೆದು, ಬಿಳೀ ಪ್ಲಾಸ್ಟಿಕ್ ಜಾಲರಿ ಕೂರಿಸಿ, ಆಮೇಲೆ ಬಾಕಿ ಕೆಲಸ.

ಹಿಮದ ಭಯ ಅದಕ್ಕೂ ಹಳೇದು. ಇಪ್ಪತ್ತರ ಪ್ರಾಯದಲ್ಲಿ ಬೆಟ್ಟದ ಕಣಿವೆದಾರಿಯ ಏಳನೇ ತಿರುವಿನಲ್ಲಿ ಗಾಡಿ ಜಾರಿ, ಮುಂದಿನ ಒಂದು ಗಾಲಿ ಪ್ರಪಾತದ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಹಳ್ಳಿಯವರು ಹಗ್ಗ ತಂದು ಎಳೆಯುವ ತನಕ ಕೆಮ್ಮಲೂ ಹೆದರಿ ಕೂತಿದ್ದ.

ಮಗಳು ಒನಿಸ್ಸಾಳನ್ನು ಕೊಟ್ಟದ್ದು ಆ ಕಣಿವೆಯಾಚೆಯ ತಿಗರ್ಸಿ ಊರಿಗೇ. ಅಳಿಯ ಮರಳುಗಾಡಿನ ಗ್ಯಾಸ್ ಬಾವಿಯಲ್ಲಿ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುವವನು. ಮನೆಯಲ್ಲಿ ಅವನ ತಾಯಿ ಖಮೀಸಾ ಒಬ್ಬಳೇ. ಹಳೇ ಕಲ್ಲಿನ ಮನೆ, ಗೋಡೆಯೆಲ್ಲ ತೇವ. ಹೆರಿಗೆಯ ಸುದ್ದಿ ಬಂದಾಗ ಬೆಲ್ಗಾಸೆಮ್ ಹೆಂಡತಿ ಜರ್ಫಾಳನ್ನೂ ಟೈಲ್ಸ್ ಪೆಟ್ಟಿಗೆಗಳನ್ನೂ ಗಾಡಿಗೆ ಹಾಕಿಕೊಂಡು ಹೋದ. ಏಳನೇ ದಿನ ಹೆಸರಿಡುವ ಹೊತ್ತಿಗೆ ಕೋಣೆ ಹೊಸದಾಗಿರಬೇಕು ಅಂತ ಅವನ ಆಸೆ. ತಾಯಿ-ಮಗುವನ್ನು ಪಕ್ಕದ ಕೋಣೆಯಲ್ಲಿರಿಸಿ, ಹಳೇ ಗಾರೆ ಕೆರೆದು, ಎದೆಮಟ್ಟಕ್ಕೆ ಬಿಳಿ ಟೈಲ್ಸು, ನಡುವೆ ನೀಲಿ ಹೂವಿನದ್ದೊಂದು ಸಾಲು ಕೂರಿಸಿದ. ಮೊದಲ ದಿನವೇ ತೂತೂ ಕೊರೆದ. ಆರನೇ ದಿನ ಬೆಳಿಗ್ಗೆ ಹಾಸಿಗೆ ತಂದು ಹಾಕಿದಾಗಲೇ ಗೊತ್ತಾದದ್ದು, ತೂತು ಸರಿಯಾಗಿ ಮಗಳ ಸೊಂಟದ ನೇರಕ್ಕೇ ಬಂದಿದೆ ಅಂತ.

ಆ ಕಡೆ ಬಾಣಂತಿಗೆ ಏಳು ದಿನ ಗಾಳಿ ಸೋಕಿಸುವುದಿಲ್ಲ. ಖಮೀಸಾ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಬೀಗರೇ, ಇದೇನು ಗೋಡೆಯೋ, ಕೊಳಲೋ? ಸುಯ್ ಅಂತ ಊದ್ತಾ ಇದೆಯಲ್ಲ!"

"ಊದ್ಬೇಕು ಬೀಗಿತ್ತಿ. ಬೆಂಕಿಗೂ ಉಸಿರು ಬೇಕಲ್ಲ."

"ಬೆಂಕಿಗೆ ಉಸಿರು, ನನ್ನ ಸೊಸೆಗೆ ಸೊಂಟನೋವು! ಏಳು ಹೆತ್ತಿದೀನಿ ಇದೇ ಕೋಣೇಲಿ. ಒಂದು ಇರುವೆ ಬರೋ ಸಂದಿ ಇರ್ಲಿಲ್ಲ."

"ಆಗ ನಿಮ್ಮದು ಸೌದೆ ಒಲೆ. ಮಾಡಿನಲ್ಲೇ ಬೇಕಾದಷ್ಟು ಸಂದಿ ಇತ್ತು."

"ಪೇಟೆಯೋರಿಗೆ ಎಲ್ಲದಕ್ಕೂ ಹೆದ್ರಿಕೆ. ಹಿಮ ಕಂಡ್ರೂ ಹೆದ್ರಿಕೆ, ಒಲೆ ಕಂಡ್ರೂ ಹೆದ್ರಿಕೆ. ಜರ್ಫಾ, ಈ ಗಂಡಸು ನಿನ್ನನ್ನ ಮದುವೆಯಾಗೋಕೆ ಹೇಗೆ ಧೈರ್ಯ ಮಾಡಿದ್ನೇ?"

"ನಂಗೂ ಹೆದ್ರಿಕೊಂಡೇ ಆದದ್ದು," ಅಂದಳು ಜರ್ಫಾ. ಹಾಸಿಗೆಯಲ್ಲಿದ್ದ ಒನಿಸ್ಸಾ ಕೂಡ ನಕ್ಕು, "ನಿಜವಾಗ್ಲೂ ಗಾಳಿ ಹೊಡೀತಿದೆ ಅಪ್ಪಾ," ಅಂದಳು.

ಮಗಳು ಹೇಳಿದ ಮೇಲೆ ಅವನ ಮನಸ್ಸು ಕರಗಿತು. ಈ ತೂತು ಮುಚ್ಚಿ, ಊಟ ಆದ ಮೇಲೆ ನಡುಮನೆಯ ಕಡೆ ಗೋಡೆಯಲ್ಲಿ ಇನ್ನೊಂದು ಕೊರೆದರಾಯಿತು ಅಂದುಕೊಂಡ. ಜಾಲರಿ ಬಿಚ್ಚಿ ಜೇಬಿಗೆ ಹಾಕಿದ. ತೂತಿಗೆ ಸಿಮೆಂಟ್ ಚೀಲದ ಕಾಗದ ತುರುಕಿ, ಗಾರೆ ಮೆತ್ತಿ, ಮೇಲೆ ಟೈಲ್ ಕೂರಿಸಿದ. ಅಲ್ಲೊಂದು ತೂತಿತ್ತು ಅಂತ ಹೇಳಲೂ ಬಾರದ ಹಾಗಿತ್ತು.

ಊಟಕ್ಕೆ ಕರೆದರು. ರೊಟ್ಟಿ ಹರಿದು ಕೆಂಪು ಸಾರಿನಲ್ಲಿ ನೆನೆಸಿದ ಶಖ್ಶೂಖಾ. ಎರಡು ತುತ್ತು ಹಾಕುವಷ್ಟರಲ್ಲಿ ಖಮೀಸಾ ಅಂಗಳದಿಂದ ಕೂಗಿದಳು: "ಹಿಮ ಶುರುವಾಯ್ತು!"

ಮರುದಿನದ ಹಬ್ಬಕ್ಕೆ ಬೇಕಾದ ಜೇನು, ತುಪ್ಪ, ಮಗುವಿನ ಹೊಸ ಬಟ್ಟೆ ಎಲ್ಲ ಬತ್ನಾದಲ್ಲಿತ್ತು. ಈಗ ಹೊರಟರೆ ದಾರಿ ಮುಚ್ಚುವ ಮೊದಲು ಕಣಿವೆ ದಾಟಬಹುದು, ಬೆಳಿಗ್ಗೆ ಹಿಮ ಗೋರಿದ ಮೇಲೆ ಮರಳಿ ಬಂದರಾಯಿತು. ಬೆಲ್ಗಾಸೆಮ್ ಕೈ ಕೂಡ ಸರಿಯಾಗಿ ತೊಳೆಯದೆ ಎದ್ದ. ಹಲಗೆ, ಬಾಂಡ್ಲಿ, ಉಳಿದ ಮರಳಿನ ಚೀಲ ಎಲ್ಲ ಗಾಡಿಯ ಹಿಂದಕ್ಕೆ ಎಸೆದು, ಒಳಗೆ ಇಣುಕಿ, "ಬೆಚ್ಚಗಿರು ಮಗಾ," ಅಂದು ಬಾಗಿಲು ಎಳೆದುಕೊಂಡ. ಒಂದು ಭಯ ಇನ್ನೊಂದನ್ನು ನುಂಗಿಬಿಟ್ಟಿತ್ತು.

ಏರುದಾರಿಯುದ್ದಕ್ಕೂ ಅವನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತಿದ್ದ.

"ಕತ್ತೆ ಮೇಲೆ ಒಬ್ಬ ಮುದುಕ ನಮ್ಮನ್ನ ದಾಟಿ ಹೋದ, ನೋಡಿದ್ರಾ?" ಅಂದಳು ಜರ್ಫಾ.

"ಮಾತಾಡಿಸ್ಬೇಡ."

ಕಣಿವೆದಾರಿಯ ನೆತ್ತಿಗೆ ಬರುವಾಗ ಎರಡೂವರೆ. ಅಲ್ಲಿ ಪೊಲೀಸಿನವನೊಬ್ಬ ಅವರ ಗಾಡಿಯನ್ನು ದಾಟಿಸಿ, ಹಿಂದೆ ಕಬ್ಬಿಣದ ಅಡ್ಡಗಂಬ ಇಳಿಸಿದ. ಮುಂದೆ ಹಿಮ ಗೋರುವ ಯಂತ್ರ ಹೊರಟಿದೆ, ಅದರ ಹಿಂದೆಯೇ ಇಳಿಯಬೇಕು, ಹಿಂದಿನ ದಾರಿ ಮುಚ್ಚಿತು ಅಂದ. ಬೆಲ್ಗಾಸೆಮ್ ಉಸಿರು ಬಿಟ್ಟು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದ. ಕರವಸ್ತ್ರದ ಜೊತೆ ಏನೋ ಹೊರಬಂದು ಜರ್ಫಾಳ ಮಡಿಲಿಗೆ ಬಿತ್ತು.

"ಇದೇನ್ರೀ, ಚಹಾ ಸೋಸೋದಾ?" ಅಂತ ಎತ್ತಿ ಹಿಡಿದಳು.

ಬಿಳೀ ಜಾಲರಿ.

ಅವನು ಅದನ್ನೇ ನೋಡಿದ.

"ಕೊರೀಲೇ ಇಲ್ಲ," ಅಂದ.

"ಏನು?"

"ಇನ್ನೊಂದು ತೂತು. ಮುಚ್ಚಿದೆ, ಕೊರೀಲಿಲ್ಲ. ಹೀಟರ್ ಜೋರಾಗಿದೆ. ಕಿಟಕಿಗೆ ನಾನೇ ಹೊಸ ರಬ್ಬರ್ ಪಟ್ಟಿ ಹಾಕಿದೀನಿ. ಜರ್ಫಾ, ಫೋನ್ ಮಾಡು, ಫೋನ್ ಮಾಡು!"

ಜರ್ಫಾಳ ನಗು ಅಲ್ಲೇ ಸತ್ತಿತು. ಮಗಳಿಗೆ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಹೋಯಿತು. ಖಮೀಸಾಳಿಗೆ ಮಾಡಿದಳು. ಅದೂ ಅಷ್ಟೇ.

"ಬಾಣಂತಿ ಹತ್ರ ಫೋನ್ ಕೂಗ್ಬಾರ್ದು ಅಂತ ಎರಡನ್ನೂ ಹಿಟ್ಟಿನ ಪೆಟ್ಟಿಗೇಲಿ ಇಟ್ಟಿದಾಳೆ ಆ ಮಹಾತಾಯಿ. ನಾನೇ ನೋಡ್ದೆ," ಅಂದಳು ಜರ್ಫಾ. ಅಳಿಯನ ಫೋನು ಪಾಳಿಯ ಹೊತ್ತಿನಲ್ಲಿ ಬಂದ್. ತಿಗರ್ಸಿಯಲ್ಲಿ ಬೇರೆ ಯಾರ ನಂಬರೂ ಅವರ ಬಳಿ ಇರಲಿಲ್ಲ.

ಬೆಲ್ಗಾಸೆಮ್ ಗಾಡಿ ತಿರುಗಿಸಿದ. ಪೊಲೀಸಿನವನು ಓಡಿ ಬಂದ.

"ಕಾಕಾ, ಹುಚ್ಚಾ ನಿಮಗೆ? ಆ ಕಡೆ ಮುಚ್ಚಿದೆ ಅಂದ್ನಲ್ಲ!"

"ನನ್ನ ಮಗಳ ಕೋಣೇಲಿ ಗಾಳಿತೂತು ಮುಚ್ಚಿದೀನಪ್ಪಾ. ಈ ಕೈಯಲ್ಲೇ. ಒಳಗೆ ಗ್ಯಾಸ್ ಉರೀತಿದೆ. ಆರು ದಿನದ ಕೂಸಿದೆ."

ಪೊಲೀಸ್ ಹುಡುಗ ಅವನ ಮುಖ ನೋಡಿದ, ಜರ್ಫಾಳ ಕೈಯಲ್ಲಿದ್ದ ಜಾಲರಿ ನೋಡಿದ. "ನಾನು ಆ ಕಡೆ ತಿರುಗಿ ನಿಲ್ತೀನಿ," ಅಂದು ಅಡ್ಡಗಂಬ ಎತ್ತಿದ. "ಬ್ರೇಕ್ ತುಳೀಬೇಡಿ ಕಾಕಾ. ಎರಡನೇ ಗೇರಲ್ಲೇ ಇಳೀರಿ."

ಹತ್ತುವಾಗ ಬಿಟ್ಟ ಗಾಲಿಯ ಗುರುತು ಆಗಲೇ ಮುಚ್ಚಿಹೋಗಿತ್ತು. ರಸ್ತೆ ಯಾವುದು, ಅಂಚು ಯಾವುದು, ಎಲ್ಲ ಒಂದೇ ಬಿಳಿ. ಬೆಲ್ಗಾಸೆಮ್ ಲೆಕ್ಕ ಹಾಕುತ್ತಿದ್ದ. ಒಂದು ಗಂಟೆಗೆ ಬಾಗಿಲು ಎಳೆದದ್ದು. ನಾಲ್ಕನೇ ಮಹಡಿಯ ಆ ಮೂವರಿಗೆ ಎಷ್ಟು ಹೊತ್ತು ಹಿಡಿದಿತ್ತು? ಅದು ಯಾರಿಗೂ ಗೊತ್ತಿಲ್ಲ. ಮೊದಲು ತಲೆ ಭಾರ ಆಗುತ್ತದೆ. ಆಮೇಲೆ ನಿದ್ದೆ. ಬಾಣಂತಿ ನಿದ್ದೆ ಮಾಡಿದರೆ ಯಾರು ತಾನೇ ಎಬ್ಬಿಸುತ್ತಾರೆ?

ಏಳನೇ ತಿರುವು ಬಂತು. ಗಾಡಿಯ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಒಂದು ಕಲ್ಲಿಗೆ ತಾಗಿ ನಿಂತಿತು. ಕ್ಲಚ್ ಮೇಲೆ ಕಾಲು ನಿಲ್ಲಲೊಲ್ಲದು.

"ಆಗಲ್ಲ ಜರ್ಫಾ. ಇಲ್ಲೇ ಅದು. ಇದೇ ತಿರುವು."

"ಹಾಗಾದ್ರೆ ಇಳೀರಿ. ನಾನು ಓಡಿಸ್ತೀನಿ."

"ನಿಂಗೆ ಓಡಿಸೋಕೆ ಬರಲ್ಲ."

"ಬರಲ್ಲ. ಅದಕ್ಕೇ ನೀವೇ ಓಡಿಸ್ಬೇಕು."

ಅಂದವಳೇ ಇಳಿದಳು. ಹಿಂದಿನಿಂದ ಮರಳನ್ನು ಬಾಂಡ್ಲಿಗೆ ತುಂಬಿಕೊಂಡು ಸೊಂಟಕ್ಕಿಟ್ಟು, ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಗಾಲಿ ಬರುವ ಜಾಗಕ್ಕೆ ಬೀಜ ಬಿತ್ತಿದ ಹಾಗೆ ಮರಳು ಬಿತ್ತತೊಡಗಿದಳು. ಗಾಡಿ ಜಾರಿದರೆ ಮೊದಲು ಸಿಗುವವಳು ಅವಳೇ. "ಬನ್ನಿ! ನನ್ನನ್ನೇ ನೋಡ್ಕೊಂಡು ಬನ್ನಿ!" ಅಂತ ಕೂಗುತ್ತಿದ್ದಳು. ಅವನು ಪ್ರಪಾತದ ಕಡೆ ನೋಡಲಿಲ್ಲ. ಅವಳ ಶಾಲಿನ ಕೆಂಪು ಅಂಚನ್ನಷ್ಟೇ ನೋಡುತ್ತ, ಗೇಣು ಗೇಣಾಗಿ ಬಂದ. ಮರಳು ಮುಗಿದಲ್ಲಿ ಟೈಲ್ಸ್ ಅಂಟಿಸುವ ಪುಡಿ, ಅದೂ ಮುಗಿದಲ್ಲಿ ಖಾಲಿ ಚೀಲ ಹಾಸಿದಳು.

ತಿಗರ್ಸಿ ಮುಟ್ಟುವಾಗ ನಾಲ್ಕು ದಾಟಿತ್ತು. ಬಾಗಿಲಲ್ಲಿ ಖಮೀಸಾ ಅಡ್ಡ ನಿಂತಳು.

"ಶ್! ಮಲಗಿದಾಳೆ. ತಲೆನೋವು, ವಾಂತಿ ಅಂದ್ಲು. ಗಾಳಿ ಹೊಕ್ಕಿರ್ಬೇಕು ಅಂತ ಹಣೆಗೆ ಬಟ್ಟೆ ಕಟ್ಟಿ, ಹೀಟರ್ ಇನ್ನಷ್ಟು ಜೋರು ಮಾಡಿ, ಬಾಗಿಲ ಕೆಳಗೆ ಕಂಬಳಿ ಇಟ್ಟಿದೀನಿ."

ಬೆಲ್ಗಾಸೆಮ್ ಬೀಗಿತ್ತಿಯನ್ನು ತಳ್ಳಿಕೊಂಡೇ ಒಳಗೆ ನುಗ್ಗಿದ. ಹೀಟರಿನ ನೀಲಿ ಉರಿ ಹಳದಿಯಾಗಿತ್ತು. ಮಗಳ ಕೆನ್ನೆ ಕೆಂಪಗಿತ್ತು. ಆ ಕೆಂಪು ಅವನಿಗೆ ಗೊತ್ತಿತ್ತು. ಕೂಗಿದ, ಅವಳು ಅಲುಗಲಿಲ್ಲ. ಹೀಟರ್ ಆರಿಸಿ, ಬಟ್ಟೆಗಂಟಿನ ಹಾಗೆ ಸುತ್ತಿದ್ದ ಕೂಸನ್ನು ಬಾಚಿಕೊಂಡು ಹೊರಗೆ ಓಡಿದ. ಜರ್ಫಾ ಮಗಳನ್ನು ಕಂಕುಳಿಗೆ ಕೈ ಹಾಕಿ ದರದರ ಎಳೆದು ತಂದಳು.

"ಹೊಸಿಲು ದಾಟಿಸ್ಬೇಡಿ! ಏಳು ದಿನ ಆಗಿಲ್ಲ! ಹಿಮ ಬೀಳ್ತಿದೆ!" ಖಮೀಸಾ ತಲೆ ಚಚ್ಚಿಕೊಂಡಳು.

ಅಂಗಳದ ಹಿಮದಲ್ಲಿ ಮಂಡಿಯೂರಿ ಅವನು ಕೂಸಿನ ಬಟ್ಟೆ ಸಡಿಲಿಸಿದ. ಕೂಸು ಸುಮ್ಮನಿತ್ತು. ಸಿಮೆಂಟು ತಿಂದು ಒರಟಾದ ಹೆಬ್ಬೆರಳಿನಲ್ಲಿ ಅದರ ಅಂಗಾಲು ತಿಕ್ಕಿದ. ಸುಮ್ಮನಿತ್ತು. ಮತ್ತೆ ತಿಕ್ಕಿದ. ಮೂಗಿನ ಮೇಲೆ ಒಂದು ಹಿಮದ ಹಳಕು ಬಂದು ಕೂತಿತು. ಕೂಸು ಮುಖ ಕಿವುಚಿ, ಬಾಯಿ ತೆರೆದು, ಒಂದು ಗಳಿಗೆ ದನಿಯೇ ಇಲ್ಲದೆ ಹಾಗೇ ಇದ್ದು, ಆಮೇಲೆ ಅತ್ತಿತು. ಆ ಅಳು ಕೇಳಿ ಒನಿಸ್ಸಾ ಕಣ್ಣು ಬಿಟ್ಟಳು. ಎದೆಯಲ್ಲಿ ಹಾಲು ಇಳಿದು ಅಂಗಿ ನೆನೆಯಿತು.

ಅಷ್ಟರಲ್ಲಿ ನೆರೆಮನೆಯವರು ಓಡಿ ಹೋಗಿ ಊರ ದವಾಖಾನೆಯ ದಾದಿಯನ್ನು ಆಮ್ಲಜನಕದ ಸಿಲಿಂಡರ್ ಸಮೇತ ಕರೆತಂದರು. ಕತ್ತಲಾಗುವ ತನಕ ತಾಯಿಗೂ ಮಗುವಿಗೂ ಉಸಿರು ಕೊಡಿಸಿ, "ಇನ್ನು ಅರ್ಧ ಗಂಟೆ ಆಗಿದ್ರೆ ನಾನು ಬಂದೂ ಪ್ರಯೋಜನ ಇರ್ಲಿಲ್ಲ," ಅಂದಳು ಆಕೆ. ಖಮೀಸಾ ಅದನ್ನು ಕೇಳಿಸಿಕೊಂಡಳು. ಬೆಲ್ಗಾಸೆಮ್ ಸುತ್ತಿಗೆ ತೆಗೆದು ಹೊಸ ಟೈಲ್ ಒಡೆಯುವಾಗ ಪಕ್ಕದ ನೀಲಿ ಹೂವೂ ಎರಡು ಹೋಳಾಯಿತು. ಖಮೀಸಾಳೇ ಪೊರಕೆ ತಂದು ಚೂರು ಗುಡಿಸಿದಳು.

ಏಳನೇ ದಿನ ಹೆಸರಿಟ್ಟರು. ಜರ್ಫಾಳ ಜೇನು-ತುಪ್ಪ ಬೆಟ್ಟದಾಚೆಯೇ ಉಳಿಯಿತು. ನೆರೆಯವರು ಕೊಟ್ಟಿದ್ದರಲ್ಲೇ ರವೆ ಹುರಿದು ತಮ್ಮೀನಾ ಅನ್ನುವ ಬಾಣಂತಿ ಸಿಹಿ ಕಲಸಿದರು. ಕೋಣೆ ತುಂಬ ಹೆಂಗಸರು. ಗಂಡಸಾದ ಬೆಲ್ಗಾಸೆಮ್ ಒಳಗೆ ಕಾಲಿಡುವಂತಿಲ್ಲ. ಅಂಗಳದಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದ. ಬಂದವರಲ್ಲಿ ಯಾವಳೋ ಒಬ್ಬ ಮುದುಕಿ, ಅಯ್ಯೋ ಬಾಣಂತಿಗೆ ಗಾಳಿ, ಅಂತ ಪ್ರೀತಿಯಿಂದಲೇ ತನ್ನ ಶಾಲು ಆ ತೂತಿಗೆ ತುರುಕಿದರೆ?

ಬಾಗಿಲ ಸಂದಿಯಿಂದ ಇಣುಕಿದ. ಒನಿಸ್ಸಾಳ ಹಾಸಿಗೆ ಎದುರು ಗೋಡೆಗೆ ಹೋಗಿತ್ತು. ತೂತಿನ ಮುಂದೆ, ಒಂದು ಮೊಳ ಬಿಟ್ಟು, ಬೆನ್ನು ಕೊಟ್ಟು ಖಮೀಸಾ ಕೂತಿದ್ದಳು. ಯಾರು ಹತ್ತಿರ ಬಂದರೂ ಕಣ್ಣಲ್ಲೇ ದೂರ ಅಟ್ಟುತ್ತಿದ್ದಳು. ಸಂಜೆಯ ತನಕ ಊಟಕ್ಕೂ ಏಳಲಿಲ್ಲ.

ಎಂಟನೇ ದಿನ ದಾರಿ ತೆರೆಯಿತು. ಗಾಡಿ ಹತ್ತುವಾಗ ಖಮೀಸಾ ಶಾಲು ಹೊದ್ದು ಬಾಗಿಲಿಗೆ ಬಂದಳು. ಕೆಮ್ಮಿ ಕೆಮ್ಮಿ ದನಿ ಬಿದ್ದುಹೋಗಿತ್ತು.

"ನಿಮ್ಮ ತೂತಿಂದ ನನಗೆ ಎದೆ ಕಟ್ತು ಬೀಗರೇ."

"ಕಟ್ಲಿ ಬೀಗಿತ್ತಿ. ದಿನಾ ಕಟ್ಲಿ," ಅಂದ. ಅವಳು ನಗಲು ಹೋಗಿ ಮತ್ತೆ ಕೆಮ್ಮಿದಳು.

ಎದುರಿಗೆ ಬೆಟ್ಟ ಬೆಳ್ಳಗೆ ಕೂತಿತ್ತು. ಬೆಲ್ಗಾಸೆಮ್ ಎಂಜಿನ್ ಶುರು ಮಾಡಿದ, ಮತ್ತೆ ಬಂದ್ ಮಾಡಿದ. ಅವನು ಇಳಿದು, ಚಪ್ಪಲಿ ಬಿಚ್ಚಿ, ಒಳಗೆ ಹೋಗಿ, ಮಲಗಿದ್ದ ಮಗಳನ್ನು ಎಬ್ಬಿಸದೆ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮತ್ತೆ ಕೂರಿಸಿದ್ದ ಜಾಲರಿಗೆ ಅಂಗೈ ಒಡ್ಡಿದ. ಬೆಳಿಗ್ಗೆಯಿಂದ ಅದು ಮೂರನೇ ಸಲ. ಗಾಳಿ ತಣ್ಣಗೆ ಬರುತ್ತಿತ್ತು.