ಹಾಕಿ ಸ್ಟಿಕ್ಕಿಗೆ ಅರಿಶಿನ ಹಚ್ಚಿದ ವರ್ಷ

ನನ್ನ ಮಗಳು ಸಿಡ್ನಿಯ ಒಂದು ಯೂನಿವರ್ಸಿಟಿಯ ಹಾಕಿ ತಂಡದಲ್ಲಿ ಫುಲ್‌ಬ್ಯಾಕ್ ಆಡುತ್ತಿದ್ದಳು. ಗೋಲು ಹೊಡೆಯುವವಳಲ್ಲ, ಹೊಡೆಯಲು ಬಂದವರಿಂದ ಚೆಂಡು ಕಸಿದು ವಾಪಸ್ ಅಟ್ಟುವವಳು. ಮೊದಲ ವರ್ಷ ಅವಳ ಪಂದ್ಯ ನೋಡಲು ಬರುತ್ತಿದ್ದವರು ಹತ್ತಿಪ್ಪತ್ತು ಜನ. ನಮ್ಮಂಥ ಅಪ್ಪ ಅಮ್ಮಂದಿರು, ಒಬ್ಬಿಬ್ಬರು ಗೆಳೆಯರು, ಬೇಲಿಯಾಚೆ ನಾಯಿ ಅಡ್ಡಾಡಿಸುತ್ತ ಒಂದು ಗಳಿಗೆ ನಿಂತು ಹೋಗುವವರು. ಜುಲೈ ಚಳಿಯಲ್ಲಿ ನಾನು ಫ್ಲಾಸ್ಕಿನಲ್ಲಿ ಕಾಫಿ, ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ ಇಟ್ಟುಕೊಂಡು ಕೂರುತ್ತಿದ್ದೆ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಅದೇ ಡಬ್ಬಿಗೆ ಕೈ ಹಾಕುತ್ತಿದ್ದರು.

ಎರಡನೆಯ ವರ್ಷ ಒಂದು ಇಮೇಲ್ ಬಂತು. ಸಿಡ್ನಿ ಮತ್ತು ಮೆಲ್ಬೋರ್ನಿನ ಯೂನಿವರ್ಸಿಟಿಗಳು ಆಡುವ ಈ ಲೀಗಿನಲ್ಲಿ ಒಂದು ಹೂಡಿಕೆ ಕಂಪನಿ ಪಾಲು ತೆಗೆದುಕೊಂಡಿದೆ, ಹೋಮ್ ಲೋನ್ ಕೊಡುವ ಇನ್ನೊಂದು ಕಂಪನಿ ಪ್ರಾಯೋಜಕತ್ವ ವಹಿಸಿದೆ, ಇನ್ನು ಮುಂದೆ ಎಲ್ಲ ಪಂದ್ಯಗಳನ್ನೂ ಫೋನಿನಲ್ಲಿ ನೇರವಾಗಿ ನೋಡಬಹುದು ಎಂದಿತ್ತು. ಚಳಿಗಾಲದಲ್ಲಿ ಫುಟ್‌ಬಾಲ್ ಬಿಟ್ಟು ಹಾಕಿಯನ್ನು ಯಾರೂ ನೋಡುವುದಿಲ್ಲವೆಂದು ಪಂದ್ಯಗಳನ್ನೇ ಅಕ್ಟೋಬರಿಗೆ ಎತ್ತಿಟ್ಟಿದ್ದರು. ನಾನು ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಮಾತ್ರೆ ಪೆಟ್ಟಿಗೆಗಳ ಮೇಲಿನ ಬರಹ ತಪ್ಪಿಲ್ಲದೆ ಇದೆಯೇ ಎಂದು ಅಕ್ಷರ ಅಕ್ಷರ ನೋಡುವವಳು. ಆ ಅಭ್ಯಾಸದಿಂದ ಇಮೇಲಿನ ತುದಿಯವರೆಗೂ ಓದಿದೆ. ಮುಖ್ಯವಾದದ್ದು ಅಲ್ಲಿತ್ತು. ಸಿಡ್ನಿಯ ನಾಲ್ಕು ತಂಡಗಳು ಮುಂದಿನ ವರ್ಷ ಎರಡಾಗುತ್ತವೆ. ಮಗಳ ತಂಡ ಪಕ್ಕದ ಯೂನಿವರ್ಸಿಟಿಯ ತಂಡದ ಜೊತೆ ಸೇರುತ್ತದೆ. ಎರಡು ತಂಡದ ಹುಡುಗಿಯರಲ್ಲಿ ಅರ್ಧ ಜನಕ್ಕೆ ಮಾತ್ರ ಜಾಗ. ಯಾರಿಗೆ ಎನ್ನುವುದು ಮೆಲ್ಬೋರ್ನಿನ ಕೊನೆಯ ಪಂದ್ಯವಾದ ಮೇಲೆ ತೀರ್ಮಾನ.

ನನ್ನ ಯಜಮಾನರು ಗದಗಿನ ಕಡೆಯವರು, ಹಾಕಿ ಆಡುತ್ತಲೇ ಬೆಳೆದವರು. ನಾರ್ತ್ ಸಿಡ್ನಿಯ ಆಫೀಸಿನಿಂದ ಬಂದು ಶೂ ಬಿಚ್ಚುತ್ತ ಅವರೂ ಓದಿದರು.

"ಹತ್ತು ಮಂದಿ ನೋಡೂ ಆಟಕ್ಕ ಇಷ್ಟು ರೊಕ್ಕಾ ಸುರೀತಾರಂದ್ರ, ನಮಗ ಕಾಣದ್ದು ಏನೋ ಅವರಿಗೆ ಕಂಡೈತಿ ನೋಡು."

"ಏನ್ ಕಂಡಿರ್ಬೋದು ರೀ?"

"ಅದು ಗೊತ್ತಿದ್ರ ನಾ ಯಾಕ ಇನ್ನೂ ಮಾರ್ಟ್‌ಗೇಜ್ ಕಟ್ಕೋತ ಕೂಡ್ತಿದ್ದೆ?"

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಮೆಟ್ರೋದಲ್ಲಿ ಹೋಗುವಾಗ ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಮಗಳಿಗೆ ಮಾತ್ರ ಇಂಥ ಕುತೂಹಲಗಳಿರಲಿಲ್ಲ. "ಅಮ್ಮಾ, ಐ ಜಸ್ಟ್ ವಾಂಟ್ ಟು ಪ್ಲೇ," ಎಂದು ಹೇಳಿ ಕ್ವೇಕರ್ಸ್ ಹಿಲ್ಲಿನ ನಮ್ಮ ಬೀದಿಯಲ್ಲಿ ಓಡಲು ಹೊರಟುಬಿಡುತ್ತಿದ್ದಳು. ಒಂಬತ್ತನೆಯ ವಯಸ್ಸಿನಿಂದ ಅವಳನ್ನು ಯಾವ ತಂಡದಿಂದಲೂ ಕೈಬಿಟ್ಟಿರಲಿಲ್ಲ.

ಮೆಲ್ಬೋರ್ನಿಗೆ ಹೊರಡುವ ಹಿಂದಿನ ದಿನ ಆಯುಧ ಪೂಜೆ. ನಮ್ಮಲ್ಲಿ ಈಗ ಆಯುಧಗಳೆಂದರೆ ಕಾರು, ಎರಡು ಲ್ಯಾಪ್‌ಟಾಪು, ಮಿಕ್ಸಿ, ಕುಕ್ಕರು. ಹಿಂದಿನ ವರ್ಷಗಳಲ್ಲಿ ಹಬ್ಬದ ಹೊತ್ತಿಗೆ ಹಾಕಿ ಮುಗಿದು ಸ್ಟಿಕ್ಕು ಗ್ಯಾರೇಜು ಸೇರಿರುತ್ತಿತ್ತು. ಈ ಸಲ ಅದು ಬಾಗಿಲ ಬಳಿಯೇ ನಿಂತಿತ್ತು. ಪ್ರಾಯೋಜಕರು ಕೊಟ್ಟಿದ್ದ ಹೊಚ್ಚ ಹೊಸದು, ಹಾಲಿನಂಥ ಬಿಳುಪು, ಮೈಮೇಲೆ ನೀಲಿ ಅಕ್ಷರದಲ್ಲಿ ಅವರ ಹೆಸರು. ಮಗಳ ಪಾಲಿಗೆ ಇದಕ್ಕಿಂತ ದೊಡ್ಡ ಆಯುಧ ಯಾವುದಿದೆ ಎಂದುಕೊಂಡು ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿದೆ, ನಡುವೆ ಕುಂಕುಮ ಇಟ್ಟೆ, ಒಂದು ಸೇವಂತಿಗೆ ಸಿಕ್ಕಿಸಿದೆ. ಅಂದವಾಗಿಯೇ ಕಾಣುತ್ತಿತ್ತು.

ಸಂಜೆ ಮಗಳು ಬಂದು ನೋಡಿದಳು.

"ಅಮ್ಮಾ! ಲೋಗೋ ಮೇಲೆ ಹಾಕಿದೀಯಲ್ಲ! ಇಟ್ ಹ್ಯಾಸ್ ಟು ಬಿ ಕ್ಲೀನ್ ಆನ್ ಕ್ಯಾಮೆರಾ. ಚೆಕ್ ಮಾಡ್ತಾರೆ!"

"ಒರೆಸಿದ್ರೆ ಹೋಗುತ್ತೆ ಕಣೇ, ಗಾಬರಿ ಬೀಳ್ಬೇಡ."

ಹೋಗಲಿಲ್ಲ. ಸೋಪು ಹಾಕಿದೆ, ಹಳದಿಯಿದ್ದದ್ದು ಕೆಂಪಗಾಯಿತು. ಔಷಧಿ ಕಂಪನಿಯಲ್ಲಿ ದುಡಿಯುವವಳಿಗೆ ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ನೆನಪಿರಬೇಕಿತ್ತು. ಕೊನೆಗೆ ನೈಲ್ ಪಾಲಿಶ್ ತೆಗೆಯುವ ದ್ರವ ತಂದು ಉಜ್ಜಿದೆ. ಅರಿಶಿನ ಅಷ್ಟಿಷ್ಟು ಉಳಿಯಿತು, ಹೋಮ್ ಲೋನ್ ಕಂಪನಿಯ ಹೆಸರು ಅರ್ಧಕ್ಕರ್ಧ ಅಳಿಸಿಹೋಯಿತು. ಯಜಮಾನರು ಹಿಂದೆ ನಿಂತು ನೋಡುತ್ತಿದ್ದರು.

"ಭಾರಿ ಆತು. ಸಾಲಾ ಕೊಡಾವರ ಹೆಸರು ಅಳಿಸಿದಾಕಿ ಜಗತ್ತಿನಾಗ ನೀ ಒಬ್ಬಾಕೆ."

ಮಗಳು ನಗಲಿಲ್ಲ. ಹಳೆಯ ಕಪ್ಪು ಸ್ಟಿಕ್ಕನ್ನೂ ಬ್ಯಾಗಿಗೆ ತುರುಕಿ ರೂಮಿಗೆ ಹೋದಳು. ಈ ಪಂದ್ಯಕ್ಕೇ ಅವಳನ್ನು ಇಳಿಸದಿದ್ದರೆ ಏನು ಗತಿ ಎಂದು ನನಗೆ ಆಗ ನಿಜವಾಗಿ ಹೆದರಿಕೆಯಾಯಿತು.

ಮೆಲ್ಬೋರ್ನಿನಲ್ಲಿ ಆ ದಿನ ಬಿಸಿಲು, ಗಾಳಿ, ತುಂತುರು ಮಳೆ ಮೂರೂ ಒಟ್ಟಿಗೆ ಇದ್ದವು. ಪ್ರಾಯೋಜಕರ ಕಡೆಯ ಒಬ್ಬ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಟ್ಯಾಬ್ಲೆಟ್ ಹಿಡಿದು ಒಬ್ಬೊಬ್ಬರ ಬಟ್ಟೆ, ಸ್ಟಿಕ್ಕು ನೋಡಿ ಗುರುತು ಹಾಕುತ್ತಿದ್ದಳು. ಮಗಳ ಸರದಿ ಬಂದಾಗ ನಿಂತಳು. ನಾನು ಬೇಲಿ ದಾಟಿ ಹೋಗಿ ತಪ್ಪು ನನ್ನದು, ಅವಳದ್ದಲ್ಲ ಎಂದೆ. ನಮ್ಮಲ್ಲಿ ವರ್ಷಕ್ಕೊಂದು ದಿನ ಕೆಲಸದ ಸಾಮಾನುಗಳಿಗೆ ಪೂಜೆ ಮಾಡುತ್ತೇವೆ ಎಂದು ವಿವರಿಸಿದೆ.

"ಪೂಜೆ ಸ್ಟಿಕ್ಕಿಗೋ, ನಮ್ಮ ಕಂಪನಿಗೋ?" ಎಂದು ಕೇಳಿದಳು, ಇಂಗ್ಲಿಷಿನಲ್ಲಿ.

"ಆ ದಿನ ಭೇದ ಮಾಡೋದಿಲ್ಲ. ಕುಕ್ಕರಿಗೂ ಮಾಡ್ತೀವಿ."

ಅವಳು ಜೋರಾಗಿ ನಕ್ಕಳು. ಯಾರಿಗೋ ಫೋನ್ ಮಾಡಿದಳು. ಹೆಸರು ಅರ್ಧ ಅಳಿಸಿದ ಸ್ಟಿಕ್ಕು ಬೇಡವೇ ಬೇಡ, ಹಳೆಯದರ ಮೇಲಿನ ಬೇರೆ ಕಂಪನಿಯ ಹೆಸರು ಮುಚ್ಚುವಂತೆ ಬಿಳಿ ಟೇಪು ಸುತ್ತಿಕೊಂಡು ಆಡಲಿ ಎಂದು ಒಪ್ಪಿಗೆಯಾಯಿತು. ಮಗಳು ನನ್ನ ಕಡೆ ನೋಡದೆ ಟೇಪು ಸುತ್ತುತ್ತ ಮೈದಾನಕ್ಕಿಳಿದಳು.

ಮೊದಲಾರ್ಧ ಪೂರ್ತಿ ಆ ಹೆಂಗಸು ನಮ್ಮ ಪಕ್ಕದಲ್ಲೇ ನಿಂತಿದ್ದಳು. ಇಂಥ ಅವಕಾಶ ಬಿಡಲು ನನ್ನಿಂದಾಗಲಿಲ್ಲ. ಇಷ್ಟು ಕಡಿಮೆ ಜನ ನೋಡುವ ಆಟದಲ್ಲಿ ನಿಮಗೇನು ಸಿಗುತ್ತದೆ ಎಂದು ಕೇಳಿದೆ. ಅವಳು ಮುಚ್ಚುಮರೆ ಮಾಡಲಿಲ್ಲ. ಈಗ ಓದುತ್ತಿರುವವರೇ ನಾಳೆ ಮನೆ ಕೊಳ್ಳುವವರು, ಆಗ ಅವರಿಗೆ ಮೊದಲು ನೆನಪಾಗುವ ಹೆಸರು ನಮ್ಮದಾಗಿರಬೇಕು ಎಂದಳು. ಹೂಡಿಕೆಯವರ ಲೆಕ್ಕಾಚಾರ ಬೇರೆಯಂತೆ. ಈಗ ಅಗ್ಗಕ್ಕೆ ಪಾಲು ಕೊಂಡು, ನೋಡುವ ಜನ ಹೆಚ್ಚಾದ ಮೇಲೆ ಇನ್ನೊಬ್ಬರಿಗೆ ಮಾರುತ್ತಾರೆ. ಅದಕ್ಕೇ ತಂಡಗಳು ಕಡಿಮೆಯಿರಬೇಕು, ಮುಖಗಳು ಪರಿಚಿತವಾಗಿರಬೇಕು.

"ಹಾಗಾದರೆ ತಂಡಕ್ಕೆ ಆರಿಸೋದು ಯಾರು?"

"ಕೋಚ್ ಹೇಳ್ತಾರೆ. ಯಾರ ವಿಡಿಯೋ ತುಣುಕುಗಳನ್ನ ಜನ ಹೆಚ್ಚು ನೋಡಿದ್ರು ಅನ್ನೋದನ್ನೂ ಸಿಡ್ನಿ ತಂಡದವರು ನೋಡ್ತಾರೆ."

ನಾನು ಮೈದಾನದ ಕಡೆ ನೋಡಿದೆ. ಮಗಳು ಅಡ್ಡ ಬಾಗಿ ಒಂದು ಚೆಂಡನ್ನು ತಡೆದು ಪಕ್ಕಕ್ಕೆ ಕಳಿಸಿದಳು. ಕ್ಯಾಮೆರಾ ಆಗಲೇ ಚೆಂಡಿನ ಹಿಂದೆ ಆಚೆ ಹೊರಟುಹೋಗಿತ್ತು. ಪಂದ್ಯ ಸೊನ್ನೆ ಸೊನ್ನೆಗೆ ಮುಗಿಯಿತು. ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫುಲ್‌ಬ್ಯಾಕ್‌ಗೆ ಇದಕ್ಕಿಂತ ಒಳ್ಳೆಯ ಫಲಿತಾಂಶವಿಲ್ಲ ಎಂದು ಅವರ ವಾದ. ಜನ ನೋಡುವಂಥ ತುಣುಕು ಇದರಲ್ಲಿ ಒಂದಾದರೂ ಇದೆಯೇ ಎಂದು ನಾನು ಹುಡುಕುತ್ತಿದ್ದೆ.

ಮಂಗಳವಾರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ.

ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಅರಿಶಿನದ ವಿಷಯ ನಾನೇ ಒಮ್ಮೆ ಎತ್ತಿದಾಗ ಅವಳು "ನೋ ಅಮ್ಮಾ, ಅದ್ರಿಂದ ಅಲ್ಲ," ಎಂದಳು. ಸಮಾಧಾನಕ್ಕೆ ಹೇಳಿದಳೋ, ನಿಜವೋ ನನಗೆ ಇಂದಿಗೂ ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ದೋಸೆ ಹಾಕುತ್ತಿದ್ದೆ. ಅವಳ ಫೋನ್ ಹೊಡೆದುಕೊಂಡಿತು. ಕೈಯಲ್ಲಿ ಚಟ್ನಿ ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಿದಳು. ಎದುರು ಆಡಿದ ಮೆಲ್ಬೋರ್ನ್ ತಂಡದ ಕೋಚ್, ವಯಸ್ಸಾದ ಹೆಂಗಸಿನ ದನಿ. ಆ ದಿನ ತಾನು ಗೋಲಿನ ಹಿಂದೆಯೇ ನಿಂತಿದ್ದೆ, ತನ್ನ ಹುಡುಗಿಯರು ಎಷ್ಟು ಸಲ ನಿನ್ನನ್ನು ದಾಟಲಾರದೆ ವಾಪಸ್ ಬಂದರೆಂದು ಕಣ್ಣಾರೆ ನೋಡಿದ್ದೇನೆ ಎಂದಳು. ಮೊದಲು ಆಯಾ ಯೂನಿವರ್ಸಿಟಿಯಲ್ಲಿ ಓದುವವರೇ ಆ ತಂಡಕ್ಕೆ ಆಡಬೇಕಿತ್ತು. ಹೊಸ ನಿಯಮದಲ್ಲಿ ಬೇರೆ ಊರಿನವರನ್ನೂ ಕರೆದು, ಓದನ್ನು ಅಲ್ಲಿಗೆ ವರ್ಗಾಯಿಸಿ ಕೊಡಬಹುದಂತೆ. ಸಿಡ್ನಿಯಲ್ಲಿ ಅವಳ ಜಾಗ ಕಿತ್ತುಕೊಂಡ ದುಡ್ಡೇ ಮೆಲ್ಬೋರ್ನಿನಲ್ಲಿ ಒಂದು ಜಾಗ ತೆರೆದಿತ್ತು. ನಾನು ಸೌಟು ಹಿಡಿದುಕೊಂಡೇ ಇದನ್ನು ಅರ್ಥ ಮಾಡಿಕೊಳ್ಳುತ್ತಿದ್ದೆ.

"ಬರ್ತೀಯಾ?" ಎಂದು ಆಕೆ ಕೇಳಿದಳು.

"ಯೆಸ್," ಎಂದಳು ಮಗಳು. ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ಫೋನ್ ಇಟ್ಟ ಮೇಲೆ ನಮ್ಮಿಬ್ಬರನ್ನೂ ನೋಡಿದಳು.

"ಹೋಗ್ಲಾ?"

"ಹೂಂ ಅಂದಮ್ಯಾಲೆ ಕೇಳ್ತೀಯಲ್ಲವಾ!" ಎಂದರು ಯಜಮಾನರು. "ಸಿಡ್ನಿಯವರು ಅಲ್ಲಿಗೆ ಆಡಾಕ ಬಂದಾಗ ನಾವು ಯಾರಿಗೆ ಚಪ್ಪಾಳಿ ಹೊಡೀಬೇಕ?"

"ನಂಗೆ ಅಪ್ಪಾ, ಆಬ್ವಿಯಸ್ಲಿ."

ಹಂಚಿನ ಮೇಲಿನ ದೋಸೆ ಸೀದುಹೋಗಿತ್ತು. ಅದನ್ನು ತೆಗೆದುಹಾಕಿ ಅವಳಿಗೆ ಇನ್ನೊಂದು ಹುಯ್ದೆ. ಅಲ್ಲಿ ರೂಮಿನ ರೆಂಟ್ ಎಷ್ಟಿರುತ್ತೆ, ಹಾಕಿ ಮೈದಾನಕ್ಕೆ ಟ್ರ್ಯಾಮ್ ಹೋಗುತ್ತಾ, ಅಡುಗೆಗೆ ಗ್ಯಾಸ್ ಒಲೆ ಇರುತ್ತಾ ಎಂದು ಒಂದರ ಹಿಂದೊಂದು ಕೇಳತೊಡಗಿದೆ. ಅವಳು ತಿನ್ನುತ್ತ ಕೂತಿದ್ದಳು, ಎರಡು ದಿನದ ಹಸಿವಿತ್ತು ಅವಳಿಗೆ.