ರಂಗಮ್ಮನ ಉದ್ದರಾಶಿ

ರಂಗಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವಾಗಿ ಕಂಡುಹಿಡಿದು ನನ್ನನ್ನು ಬೈಯುವುದು ಬೇಡ.

ಆಕೆಗೆ ಐವತ್ತೆಂಟು ವರ್ಷ. ಊರು ಪಿರಿಯಾಪಟ್ಟಣದ ಕಡೆ. ಮದುವೆಯಾದ ವರ್ಷ ಕಾಫಿ ಕೊಯ್ಲಿಗೆಂದು ಮಡಿಕೇರಿ ಹತ್ತಿರದ ಈ ಗಾಳಿಬೀಡಿಗೆ ಬಂದವಳು ಮತ್ತೆ ವಾಪಸ್ ಹೋಗಲಿಲ್ಲ. ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿ ಮಗಳು, ಅಳಿಯ, ಮೊಮ್ಮಗಳು ಚಿನ್ನಿಯ ಜೊತೆ ಇದ್ದಾಳೆ. ಮಂಡಿನೋವು ಬಂದು ಹಣ್ಣು ಕೊಯ್ಯಲು ಆಗದೆ ಹೋದಾಗ, ಆಳುಗಳ ಹಾಜರಿ ನೋಡುವ ರೈಟರ್ ಉದಯ ಆಕೆಯನ್ನು ಕಣದ ಕೆಲಸಕ್ಕೆ ಹಾಕಿದ. ಬೆಳಿಗ್ಗೆ ಕಾಫಿ ಹಣ್ಣನ್ನು ಸಿಮೆಂಟಿನ ಕಣದ ಮೇಲೆ ಹರಡಬೇಕು, ಬಿಸಿಲಿನಲ್ಲಿ ಮರದ ಹಲಗೆಯಿಂದ ಕೈಯಾಡಿಸುತ್ತಿರಬೇಕು, ಸಂಜೆ ಮಂಜು ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲ್ ಹೊದಿಸಬೇಕು. ಕೆಲಸ ಇಷ್ಟೇ. ಆದರೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಣದ ನಡುವೆ ನಿಂತರೆ ಎಸ್ಟೇಟಿನ ಸಾಹುಕಾರರೇ ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಅಷ್ಟು ಜಂಬ.

ಆ ಕಣದ ಗೋಡೆಗೆ ಒತ್ತಿಕೊಂಡೇ ನನ್ನ ಟೈಲರಿಂಗ್ ಅಂಗಡಿ. ಹೊಲಿಗೆ ಮಷೀನಿನ ಮುಂದೆ ಕೂತರೆ ಕಿಟಕಿಯಲ್ಲಿ ಇಡೀ ಕಣ ಕಾಣುತ್ತದೆ. ನನ್ನ ಮಗಳು ಚಂದನಾ ದಿನಾ ಬಸ್ಸಿನಲ್ಲಿ ಹೋಗಿಬಂದು ಮಡಿಕೇರಿಯಲ್ಲಿ ಓದುತ್ತಾಳೆ. ಅಲ್ಲಿ ಸ್ಕೇಟಿಂಗ್ ಕಲಿಸುವ ಕೀರ್ತಿಕುಮಾರ್ ಮಾಸ್ಟರು, “ಇವಳ ಕಾಲಿನಲ್ಲಿ ವೇಗ ಇದೆ, ವಾರಕ್ಕೊಂದು ದಿನ ಸಾಲದು, ಮನೆ ಹತ್ತಿರ ಜಾಗ ನೋಡಿ” ಅಂದರು. ಗಾಳಿಬೀಡಿನಲ್ಲಿ ಜಾಗ ಎಲ್ಲಿ? ರಸ್ತೆ ಅಂದರೆ ಏರು, ಇಲ್ಲದಿದ್ದರೆ ಇಳಿಜಾರು, ಉಳಿದದ್ದು ಜಲ್ಲಿ. ಸಪಾಟಾಗಿ ಇದ್ದದ್ದು ಕಣವೊಂದೇ. ನಾನೇ ಹೋಗಿ ಉದಯನನ್ನು ಕೇಳಿಕೊಂಡೆ. ನಾನೇ ಮಾಸ್ಟರನ್ನು ಭಾನುವಾರ ಭಾನುವಾರ ಬರುವಂತೆ ಒಪ್ಪಿಸಿದೆ. ಸುತ್ತಿನ ಏಳೆಂಟು ಮಕ್ಕಳನ್ನು ಸೇರಿಸಿದ್ದೂ ನಾನೇ. ಜನ ಅದನ್ನು ಕರೆಯುವುದು ಮಾತ್ರ ‘ರಂಗಮ್ಮನ ಕಣ’ ಅಂತ.

ಅದಕ್ಕೆ ಕಾರಣವೂ ಇದೆ, ಒಪ್ಪಿಕೊಳ್ಳಬೇಕು. ಡಿಸೆಂಬರಿನಲ್ಲಿ ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ. ಸಂಜೆ ರಾಶಿ ಮಾಡಿದರೂ ಅಲ್ಲೊಂದು ಇಲ್ಲೊಂದು ಎಂದು ಹನ್ನೆರಡು ಗುಡ್ಡೆ, ಯಾಕೆಂದರೆ ಒಂದೊಂದು ದಿನದ ಹಣ್ಣು ಬೇರೆ ಬೇರೆ ಇರಬೇಕು. ಮಕ್ಕಳ ಆಟ ಅಲ್ಲಿಗೆ ಬಂದ್. ಸ್ಪರ್ಧೆಗಳೆಲ್ಲ ಬರುವುದು ಆ ತಿಂಗಳುಗಳಲ್ಲೇ. ಮೊದಲ ವರ್ಷ ನಾವು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ರಂಗಮ್ಮ ಯಾರನ್ನೂ ಕೇಳದೆ ಒಂದು ಸಂಜೆ ಎಲ್ಲ ಗುಡ್ಡೆಗಳನ್ನೂ ನಡುವೆ ಎಳೆದು, ಒಂದು ದಿನದ ಹಣ್ಣು ಇನ್ನೊಂದಕ್ಕೆ ಬೆರೆಯದಂತೆ ಗೋಣಿಚೀಲ ಅಡ್ಡ ಇಟ್ಟು, ಉದ್ದಕ್ಕೆ ಒಂದೇ ರಾಶಿ ಮಾಡಿದಳು. ಎರಡು ತುದಿಯನ್ನೂ ಹಲಗೆಯಿಂದ ಗುಂಡಗೆ ತಿದ್ದಿದಳು. ರಾಶಿಯ ಸುತ್ತ ಓಡಲು ದಾರಿಯಾಯಿತು. ಭಾನುವಾರ ಬಂದ ಮಾಸ್ಟರು ಸ್ವಲ್ಪ ಹೊತ್ತು ನೋಡಿ, “ಇದು ಸ್ಕೇಟಿಂಗ್ ಟ್ರ್ಯಾಕೇ ಅಲ್ವಾ” ಅಂದರು. ಇದಕ್ಕಾಗಿ ಆಕೆ ದಿನಾ ಇಪ್ಪತ್ತು ಸಲ ಹೆಚ್ಚಿಗೆ ಹಲಗೆ ಎಳೆಯಬೇಕು. ಆಮೇಲೆ ಪೊರಕೆ ಹಿಡಿದು ಒಂದು ಬೀಜವೂ ಉಳಿಯದಂತೆ ಗುಡಿಸಬೇಕು. “ಒಂದ್ ಬೀಜ ಚಕ್ರಕ್ಕೆ ಸಿಕ್ರೂ ಮಗ ಮಗುಚ್ಕತದೆ” ಅನ್ನುತ್ತಾಳೆ.

ಸುತ್ತು ಎಣಿಸುವುದೂ ಆಕೆಯೇ. ಎಡಗೈಯಲ್ಲಿ ಇಪ್ಪತ್ತು ಕಾಫಿ ಹಣ್ಣು ಇಟ್ಟುಕೊಂಡು ಗೋಡೆಯ ಮೇಲೆ ಕೂರುತ್ತಾಳೆ. ಒಂದು ಸುತ್ತಾದರೆ ಒಂದು ಹಣ್ಣು ಪಕ್ಕಕ್ಕೆ. ಒಮ್ಮೆ ನಾನು ಫೋನಿನಲ್ಲಿ ಎಣಿಸುತ್ತೇನೆ ಅಂದೆ. ನನ್ನ ಮಗಳೇ, “ಬೇಡಮ್ಮ, ಅಜ್ಜಿ ತಪ್ಪಲ್ಲ” ಅಂದಳು.

ಹಾಗಂತ ನಾನೇನೂ ಕಡಿಮೆಯವಳಲ್ಲ. ಜಿಲ್ಲೆಯ ಸ್ಕೇಟಿಂಗ್ ಮಕ್ಕಳ ತಂದೆತಾಯಿಯರದ್ದೊಂದು ವಾಟ್ಸಾಪ್ ಗ್ರೂಪ್ ಇದೆ, ನಾನು ಅದರ ಅಡ್ಮಿನ್. ಯಾವ ಊರಲ್ಲಿ ಆಯ್ಕೆ, ಯಾವಾಗ ಕ್ಯಾಂಪು, ಕ್ರೀಡಾ ಹಾಸ್ಟೆಲಿಗೆ ಅರ್ಜಿ ಕರೆದಿದ್ದಾರಾ, ಯಾರ ಮನೆಯಲ್ಲಿ ಚಿಕ್ಕದಾದ ಸ್ಕೇಟ್ಸ್ ಇದೆ, ಎಲ್ಲ ಸುದ್ದಿಯೂ ಮೊದಲು ನನ್ನ ಕೈಯಿಂದ ಹೋಗಬೇಕು. ಅಷ್ಟು ದೂರದ ಹುದಿಕೇರಿಯವರು ಕೂಡ ನನಗೇ ಫೋನ್ ಮಾಡಿ ಕೇಳುತ್ತಾರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೊಡೆ ಈ ಗ್ರೂಪು. ರಂಗಮ್ಮನ ಹತ್ತಿರ ಇದ್ದದ್ದು ಬಟನ್ ಫೋನು. ಆಕೆಗೆ ಸುದ್ದಿ ನಾನು ಕಿಟಕಿಯಿಂದ ಕೂಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಒಂದು ವಿಷಯದಲ್ಲಾದರೂ ನಾನು ಆಕೆಗಿಂತ ಮೇಲೆ ಎಂದು ನನಗೆ ಸಮಾಧಾನವಿತ್ತು.

ಇನ್ನು ಚಿನ್ನಿಯ ವಿಷಯ. ಅವಳಿಗೆ ಹತ್ತು ವರ್ಷ, ಚಂದನಾಗಿಂತ ಒಂದು ವರ್ಷ ಚಿಕ್ಕವಳು. ಗೋಡೆಯ ಮೇಲೆ ಅಜ್ಜಿಯ ಪಕ್ಕ ಕೂತು ಕಾಲು ಆಡಿಸುತ್ತಿದ್ದವಳನ್ನು ನೋಡಿ ನನಗೇ ಪಾಪ ಅನ್ನಿಸಿ, ಚಂದನಾಗೆ ಬಿಗಿಯಾಗಿದ್ದ ಹಳೆಯ ಸ್ಕೇಟ್ಸ್ ಕೊಟ್ಟೆ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳು ಕಡಿಮೆ. ಅದರಲ್ಲೂ ಇದೊಂದನ್ನು ಮಾಡಿ ಪಶ್ಚಾತ್ತಾಪಪಟ್ಟಷ್ಟು ಇನ್ನಾವುದಕ್ಕೂ ಪಟ್ಟಿಲ್ಲ. ಒಂದು ವರ್ಷ ಮುಗಿಯುವುದರೊಳಗೆ ಚಿನ್ನಿ ನನ್ನ ಮಗಳ ಹಳೆಯ ಸ್ಕೇಟ್ಸ್ ಕಟ್ಟಿಕೊಂಡು ನನ್ನ ಮಗಳಿಗಿಂತ ಮುಂದೆ ಓಡತೊಡಗಿದಳು.

ಯಾವಾಗ ಕಿಟಕಿಯಲ್ಲಿ ನೋಡಿದರೂ ಅದೇ. ಮುಂದೆ ಚಿನ್ನಿ, ಅವಳ ಬೆನ್ನಿಗೆ ಅಂಟಿದಂತೆ ಒಂದು ಮೊಳ ಹಿಂದೆ ಚಂದನಾ. ಇಪ್ಪತ್ತು ಸುತ್ತೂ ಹಾಗೇ. ರಂಗಮ್ಮ ಗೋಡೆಯ ಮೇಲಿಂದ, “ಚಿನ್ನಿ, ನೀ ಮುಂದೆ ನಡಿ” ಎಂದು ಕೂಗುವುದು ಬೇರೆ. ಬ್ಲೌಸಿಗೆ ತೋಳು ಹೊಲಿಯುತ್ತಾ ಅದನ್ನು ಕೇಳಿ ಕೇಳಿ ನನ್ನ ಹೊಟ್ಟೆ ಬೇಯುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಜಿಲ್ಲಾ ಆಯ್ಕೆಯ ಸುದ್ದಿ ಬಂತು. ಹನ್ನೆರಡು ವರ್ಷದೊಳಗಿನ ಹುಡುಗಿಯರಲ್ಲಿ ಇಬ್ಬರು ರಾಜ್ಯಮಟ್ಟಕ್ಕೆ. ಫೋನಿನಲ್ಲೇ ಫಾರಂ ತುಂಬಬೇಕು, ಗುರುವಾರ ಕೊನೆಯ ದಿನ. ಅಭ್ಯಾಸಬಲದಿಂದ ಕಿಟಕಿಯಿಂದ ಕೂಗಿ ಹೇಳಿಯೂಬಿಟ್ಟೆ. ರಂಗಮ್ಮ ಕೈ ಒರೆಸಿಕೊಂಡು ಲೈನ್‌ಮನೆಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಚಿನ್ನಿಯ ಆಧಾರ್ ಕಾರ್ಡೂ ಒಂದು ಫೋಟೋವೂ ತಂದು ಕೊಟ್ಟಳು.

“ನಂಗೆ ಇವೆಲ್ಲ ಗೊತ್ತಾಗಕಿಲ್ಲ ಆಶಮ್ಮ. ನೀವೇ ಒಸಿ ಹಾಕ್ಬುಡಿ.”

“ಕೊಡಿ ರಂಗಮ್ಮ, ಚಂದನಾಳದ್ದರ ಜೊತೆಗೇ ಹಾಕ್ತೇನೆ” ಅಂದೆ.

ಗುರುವಾರ ಸಂಜೆ ಚಂದನಾಳ ಫಾರಂ ತುಂಬಿದೆ, ಕಳಿಸಿದೆ. ಚಿನ್ನಿಯದ್ದು ತೆರೆದೆ. ಹೆಸರು ಬರೆದೆ, ಹುಟ್ಟಿದ ದಿನ ಬರೆದೆ. ತಲೆಯೆತ್ತಿದರೆ ಕಿಟಕಿಯಲ್ಲಿ ಅದೇ ನೋಟ, ಮುಂದೆ ಅವಳು, ಹಿಂದೆ ನನ್ನವಳು. ಮುಂದಿನ ಬಸ್ಸು ಬರದೇ ಇದ್ದರೆ ಹಿಂದಿನ ಬಸ್ಸೇ ಮೊದಲು ಅನ್ನಿಸಿತು. ಇಬ್ಬರಿಗೆ ಜಾಗ ಇದೆ ಎಂದು ಗೊತ್ತಿಲ್ಲದೆ ಅಲ್ಲ. ನನಗೆ ಎರಡನೆಯ ಜಾಗ ಬೇಕಿರಲಿಲ್ಲ. ಫೋನನ್ನು ಹಾಗೇ ಮುಚ್ಚಿ ಮೇಜಿನ ಖಾನೆಗೆ ಹಾಕಿ, ಗುಂಡಿ ಹೊಲಿಯಲು ಕೂತೆ.

ಭಾನುವಾರ ಆಯ್ಕೆಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಮಡಿಕೇರಿಗೆ ಹೋದೆವು. ರಂಗಮ್ಮ ರಜೆ ಹಾಕಿ, ಪೆಟ್ಟಿಗೆಯಲ್ಲಿದ್ದ ನೀಲಿ ಸೀರೆ ಉಟ್ಟು ಬಂದಿದ್ದಳು. ಚಿನ್ನಿಗೆ ಜಡೆ ಎರಡು, ರಿಬ್ಬನ್ನು ಹೊಸದು. ನಾನು ಅವರ ಮುಖ ನೋಡದೆ ದಾರಿಯುದ್ದಕ್ಕೂ ಗ್ರೂಪಿನಲ್ಲಿ ಮೆಸೇಜು ಹಾಕುತ್ತಿದ್ದೆ.

ಹೆಸರು ಕರೆಯುವ ಮೇಜಿನ ಹತ್ತಿರ ಪಟ್ಟಿಯನ್ನು ಎರಡು ಸಲ ನೋಡಿದರು. ಚಿನ್ನಿಯ ಹೆಸರಿಲ್ಲ. ಕೀರ್ತಿಕುಮಾರ್ ಮಾಸ್ಟರು ಬೇಡಿಕೊಂಡರು. ಪಟ್ಟಿ ಮುಚ್ಚಿದ ಮೇಲೆ ಆಗುವುದಿಲ್ಲ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

“ನೆಟ್‌ವರ್ಕ್ ಇರ್ಲಿಲ್ಲ ಆ ದಿನ. ಹೋಗಿಲ್ಲ ಅಂತ ಕಾಣ್ತದೆ” ಅಂದೆ.

ಗಾಳಿಬೀಡಿನವರು ನೆಟ್‌ವರ್ಕ್ ಇರಲಿಲ್ಲ ಎಂದರೆ ಯಾರೂ ಎದುರು ಮಾತಾಡುವುದಿಲ್ಲ. ರಂಗಮ್ಮ ನನ್ನನ್ನೇ ನೋಡಿದಳು, ಹಲಗೆ ಹಿಡಿದು ಕಾಫಿ ಒಣಗಿದೆಯೋ ಇಲ್ಲವೋ ಎಂದು ನೋಡುವ ಹಾಗೆ. “ಓಗ್ಲಿ ಬುಡಿ” ಎಂದು ಚಿನ್ನಿಯ ಕೈಹಿಡಿದು ಕಂಬಿಯ ಆಚೆ ಹೋಗಿ ನಿಂತಳು.

ವಿಷಲ್ ಊದಿದರು. ಐದು ಹುಡುಗಿಯರು. ನನ್ನ ಮಗಳು ಎಲ್ಲರಿಗಿಂತ ಮೊದಲು ಹಾರಿದಳು. ಮೊದಲ ಸುತ್ತು ಅವಳೇ ಮುಂದೆ. ನಾನು ಫೋನಿನಲ್ಲಿ ವಿಡಿಯೋ ಹಿಡಿದಿದ್ದೆ. ಎರಡನೆಯ ಸುತ್ತಿನಲ್ಲಿ ಅವಳು ತಲೆಯೆತ್ತಿ ಆಚೆ ಈಚೆ ನೋಡತೊಡಗಿದಳು. ಎದುರಿಗೆ ಬೆನ್ನಿಲ್ಲ. ಎಷ್ಟು ಜೋರು ಹೋಗಬೇಕು, ತಿರುವಿನಲ್ಲಿ ಎಷ್ಟು ಬಗ್ಗಬೇಕು ಎಂಬುದನ್ನೆಲ್ಲ ಅವಳು ಚಿನ್ನಿಯ ಬೆನ್ನು ನೋಡಿಯೇ ಕಲಿತಿದ್ದಳು. ಎದೆ ಎತ್ತಿ ನೆಟ್ಟಗೆ ನಿಂತೇ ಓಡಿದಳು. ಕಂಬಿಯ ಆಚೆಯಿಂದ ಚಿನ್ನಿ, “ಬಗ್ಗು ಚಂದು, ಬಗ್ಗು” ಎಂದು ಗಂಟಲು ಕಿತ್ತುಹೋಗುವಂತೆ ಕೂಗುತ್ತಿದ್ದಳು. ಒಬ್ಬಳು ದಾಟಿದಳು, ಇನ್ನೊಬ್ಬಳು ದಾಟಿದಳು, ಮೂರನೆಯವಳೂ ದಾಟಿದಳು. ಚಂದನಾ ನಾಲ್ಕನೆಯವಳು.

ಮಾಸ್ಟರು ನನ್ನ ಪಕ್ಕದಲ್ಲಿ ನಿಂತು ನಿಧಾನವಾಗಿ ಹೇಳಿದರು. “ಮುಂದೆ ಹೋಗುವವರು ಗಾಳಿ ತಡೀತಾರೆ ಮೇಡಂ, ಹಿಂದಿನವರ ಶಕ್ತಿ ಉಳೀತದೆ. ಚಂದನಾ ಬೇಗ ಸುಸ್ತಾಗ್ತಾಳೆ ಅಂತ ರಂಗಮ್ಮನೇ ಗಮನಿಸಿ ಚಿನ್ನಿಯನ್ನು ಮುಂದೆ ಬಿಡ್ತಾ ಇದ್ದದ್ದು. ಇಬ್ಬರೂ ಓಡಿದ್ರೆ ಎರಡೂ ಜಾಗ ನಮ್ದೇ ಆಗ್ತಿತ್ತು.”

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ.

ವಾಪಸ್ ಬಸ್ಸಿನಲ್ಲಿ ಮಕ್ಕಳಿಬ್ಬರೂ ಒಂದೇ ಸೀಟಿನಲ್ಲಿ ಮಲಗಿಬಿಟ್ಟಿದ್ದರು. ರಂಗಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ಊರು ಹತ್ತಿರವಾಯಿತು. ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು.

“ಎಲ್ಡು ಜಾಗ ಇತ್ತಲ್ವ ಆಶಮ್ಮ.”

ಇಳಿಯುವಾಗ ಆಕೆ ಕೈ ಚಾಚಿದಳು. “ಚಿನ್ನಿ ಆಧಾರ್ ಕಾರ್ಡ್ ಕೊಟ್ಬುಡಿ. ನಮ್ತಾವೇ ಇರ್ಲಿ.” ಅಂಗಡಿ ತೆರೆದು ಖಾನೆಯಿಂದ ಆ ಪ್ಲಾಸ್ಟಿಕ್ ಕವರು ತೆಗೆದುಕೊಟ್ಟೆ. ಅದರೊಳಗಿನ ಫೋಟೋ ಕೂಡ ಮೊದಲು ಇಟ್ಟಂತೆಯೇ ಇತ್ತು.

ಚಂದನಾಗೆ ತಿಳಿಯಲು ಎರಡು ದಿನ ಹಿಡಿಯಿತು. ನನ್ನ ಫೋನಿನಲ್ಲಿ ಏನೋ ನೋಡುತ್ತಿದ್ದವಳು ಹತ್ತಿರ ಬಂದು ಪರದೆ ತೋರಿಸಿದಳು. ಅರ್ಧ ತುಂಬಿದ ಫಾರಂ ಹಾಗೇ ಉಳಿದಿತ್ತು. “ನಂದು ಹೋದದ್ದೂ ಅದೇ ದಿನ ಅಲ್ವಾ ಅಮ್ಮ. ನೆಟ್‌ವರ್ಕ್ ಇತ್ತಲ್ಲ” ಅಂದಳು. ಫೋನನ್ನು ಮಷೀನಿನ ಮೇಲಿಟ್ಟು ಹೊರಗೆ ಹೋದಳು. ಅತ್ತು ರಂಪ ಮಾಡಿದ್ದರೆ ನಾನೂ ಎರಡು ಬೈದು ಸಮ ಮಾಡಿಕೊಳ್ಳುತ್ತಿದ್ದೆ.

ರಂಗಮ್ಮ ಇನ್ನು ಹನ್ನೆರಡು ಗುಡ್ಡೆ ಮಾಡಿ ಸೇಡು ತೀರಿಸಿಕೊಳ್ಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಆಕೆಯ ಜಾಗದಲ್ಲಿ ನಾನಿದ್ದರೆ ಹಾಗೇ ಮಾಡುತ್ತಿದ್ದೆ. ಆಯ್ಕೆಯ ಮರುದಿನವೂ ಅದೇ ಉದ್ದರಾಶಿ, ಅದೇ ಗೋಣಿಚೀಲ, ಅದೇ ಗುಂಡಗಿನ ತುದಿ. ಬದಲಾದದ್ದು ಒಂದೇ. ಗೋಡೆಯ ಮೇಲಿಂದ ಈಗ, “ಚಂದು, ನೀ ಮುಂದೆ ನಡಿ. ಗಾಳಿ ನುಂಗೋದ್ ಕಲ್ತ್ಕೊ” ಎಂದು ಕೇಳಿಸುತ್ತಿತ್ತು. ಇದು ನನ್ನ ಮಗಳಿಗೆ ಕಲಿಸುವುದಕ್ಕೋ, ದಣಿಸುವುದಕ್ಕೋ ಎಂದು ನಾನು ಒಂದು ವಾರ ತಲೆಕೆಡಿಸಿಕೊಂಡೆ. ಬುದ್ಧಿ ಎಲ್ಲಿ ಹೋಗುತ್ತದೆ?

ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಬಂತು. ಮೈಸೂರಿನಲ್ಲಿ ಹತ್ತು ದಿನದ ಕ್ಯಾಂಪು, ಊಟ ವಸತಿ ಅವರದೇ, ಚೆನ್ನಾಗಿ ಓಡಿದವರನ್ನು ಮುಂದಿನ ತರಬೇತಿಗೆ ಆರಿಸುತ್ತಾರೆ. ನಾನು ಗ್ರೂಪಿಗೂ ಹಾಕಲಿಲ್ಲ. ಕತ್ತರಿ ಕೆಳಗಿಟ್ಟು ನೇರ ಕಣಕ್ಕೆ ಓಡಿದೆ. ಹೇಳಬೇಕೆಂದು ಹೊರಟಾಗಲೂ ಹೊಟ್ಟೆ ಉರಿಯುತ್ತಿತ್ತು. ಉರಿದರೆ ಉರಿಯಲಿ ಎಂದು ಹೋದೆ.

“ರಂಗಮ್ಮ, ಮೈಸೂರಲ್ಲಿ ಕ್ಯಾಂಪು. ಚಿನ್ನಿ ಫಾರಂ ಈಗಲೇ ಹಾಕುವ, ನಿಮ್ಮ ಎದುರಿಗೇ ಹಾಕ್ತೇನೆ.”

“ಅದು ನೆನ್ನೇನೇ ಆಯ್ತು ಕಣಮ್ಮ. ಮಾಸ್ಟ್ರು ಮಕ್ಕಳಿಗೆ ಹೇಳಿದ್ರಂತೆ.”

“ಯಾರು ಹಾಕಿದ್ದು?”

ಆಕೆ ಹಲಗೆಯ ತುದಿಯಿಂದ ಕಣದ ಕಡೆ ತೋರಿಸಿದಳು. ಮುಂದೆ ನನ್ನ ಮಗಳು, ಬೆನ್ನು ಬಗ್ಗಿಸಿ, ತಲೆ ಎತ್ತದೆ. ಹಿಂದೆ ಒಂದು ಮೊಳ ಬಿಟ್ಟು ಚಿನ್ನಿ.

“ನಿಮ್ಮ ಚಂದುನೇ. ರೈಟರ್ ಫೋನಲ್ಲಿ. ಇಬ್ರದೂ ಹಾಕವ್ಳೆ, ಮೊದ್ಲು ಚಿನ್ನೀದು.”

ನನ್ನ ಮಗಳ ಸುದ್ದಿ ನನಗೆ ರಂಗಮ್ಮನ ಬಾಯಿಂದ ಗೊತ್ತಾಯಿತು. ಹೊಟ್ಟೆಕಿಚ್ಚುಪಡಲು ಇದಕ್ಕಿಂತ ದೊಡ್ಡ ಕಾರಣ ನನಗೆ ಆ ದಿನದವರೆಗೆ ಸಿಕ್ಕಿರಲಿಲ್ಲ. ಕಣದ ಅಂಚಿನಲ್ಲೇ ನಿಂತಿದ್ದೆ.

“ಸುಮ್ಕೆ ನಿಂತ್ಕಬೇಡಿ” ಎಂದು ರಂಗಮ್ಮ ಎಡಗೈಯ ಹಣ್ಣುಗಳನ್ನು ನನ್ನ ಅಂಗೈಗೆ ಸುರಿದಳು. “ಎಂಟ್ ಸುತ್ತಾಯ್ತು. ನೀವೆಣಿಸಿ, ನಾನು ಟಾರ್ಪಾಲ್ ಎಳೀತೀನಿ.”

ಎಣಿಸಿದೆ. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡನೆಯ ಸುತ್ತಿನ ತಿರುವಿನಲ್ಲಿ ಚಿನ್ನಿ ಒಳಗಿನಿಂದ ನುಗ್ಗಿ ನನ್ನ ಮಗಳನ್ನು ದಾಟಿ ಮುಂದೆ ಬಂದಳು. ಹಣ್ಣು ಪಕ್ಕಕ್ಕಿಡಬೇಕಾದ ನನ್ನ ಕೈ ಒಂದು ಗಳಿಗೆ ಹಾಗೇ ನಿಂತಿತು.

“ಹನ್ನೆರಡಾಯ್ತು ಆಶಮ್ಮ” ಅಂದಳು ರಂಗಮ್ಮ, ನನಗೆ ಬೆನ್ನು ಹಾಕಿ ಟಾರ್ಪಾಲ್ ಎಳೆಯುತ್ತಲೇ.